ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಯಾವ ದಾರಿ ಹಿಡಿದರೆ ಎಷ್ಟು ದೂರ, ಎಷ್ಟು ಹೊತ್ತು?

ಮಾರ್ಚ್ ಬಂತು ಅಂದರೆ ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಅಟ್ಟದಿಂದ ಸೂಟ್‌ಕೇಸುಗಳು ಇಳಿಯುತ್ತವೆ. ಒಬ್ಬರು ಮಗಳ ಬಾಣಂತನಕ್ಕೆ, ಇನ್ನೊಬ್ಬರು ಮೊಮ್ಮಗಳ ಹುಟ್ಟುಹಬ್ಬಕ್ಕೆ, ಮತ್ತೊಬ್ಬರು ಸುಮ್ನೆ ಮಗನ ಜೊತೆ ನಾಲ್ಕು ತಿಂಗಳು ಇದ್ದು ಬರೋಣ ಅಂತ. ಹೆಚ್ಚಿನವರು ಹೋಗುವುದು ಕ್ಯಾಲಿಫೋರ್ನಿಯಾಗೆ. ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ. ಇಳಿಯುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ನನ್ನ ತಂಗಿಯೂ ಅಲ್ಲೇ ಇದ್ದಾಳೆ. ಅಪ್ಪ ಅಮ್ಮನನ್ನು ನಾಲ್ಕು ಸಲ ಕಳಿಸಿದ್ದೇನೆ, ನಾಲ್ಕೂ ಸಲ ಬೇರೆ ಬೇರೆ ದಾರಿಯಲ್ಲಿ. ಹಾಗಾಗಿ ಬೀದಿಯವರು ಟಿಕೆಟ್ ತೆಗೆಯುವ ಮೊದಲು ಒಂದು ಮಾತು ಕೇಳಿ ಹೋಗುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಒಟ್ಟು ಎಷ್ಟು ಗಂಟೆ ಆಗತ್ತೆ?" ನಾನು ತಿರುಗಿ ಕೇಳುವುದು, "ಒಂದೇ ಸಲಕ್ಕೆ ಎಷ್ಟು ಗಂಟೆ ಕೂರೋಕಾಗತ್ತೆ ನಿಮ್ಮ ಕೈಲಿ?" ಅರವತ್ತೈದು ದಾಟಿದವರಿಗೆ ದಾರಿ ಆರಿಸುವಾಗ ನಾನು ಮೊದಲು ಹಾಕುವ ಲೆಕ್ಕ ಇದೇ. ಒಟ್ಟು ದೂರ, ಟಿಕೆಟ್ ಬೆಲೆ ಎಲ್ಲ ಆಮೇಲೆ.

ದಾರ ಎಳೆದು ನೋಡಿದಾಗ

ಮೊದಲ ಸಲ ಹೊರಡುವ ಮುಂಚೆ ಅಮ್ಮ ನನ್ನ ಶಾಲೆಯ ಕಾಲದ ಗ್ಲೋಬನ್ನು ಕಪಾಟಿನಿಂದ ತೆಗೆದಳು. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆದಳು. ದಾರ ತಾನಾಗಿ ಮೇಲಕ್ಕೆ ಜಾರಿತು. ಹಿಮಾಲಯ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಆಮೇಲೆ ಅಲಾಸ್ಕಾ. "ಇದೇನೋ, ಮಂಜಿನ ಮೇಲೇ ಹೋಗಬೇಕಾ?" ಅಂದಳು.

ಅಮ್ಮನ ದಾರ ಸರಿಯಾಗೇ ತೋರಿಸಿತ್ತು. ದುಂಡಗಿನ ಭೂಮಿಯ ಮೇಲೆ ಎರಡು ಊರಿನ ನಡುವೆ ಅತಿ ಹತ್ತಿರದ ದಾರಿ ಅದೇ. ಉದ್ದ ಸುಮಾರು 13,990 ಕಿ.ಮೀ. ಇಂಟರ್ನೆಟ್‌ನಲ್ಲಿ ಎರಡು ಊರಿನ ಹೆಸರು ಹಾಕಿ ದೂರ ಹುಡುಕಿದರೆ ಸಿಗುವುದೂ ಇದೇ ಅಂಕಿ. ಗಂಟೆಗೆ 900 ಕಿ.ಮೀ. ವೇಗ ಅಂತ ಭಾಗಿಸಿದರೆ ಹದಿನೈದೂವರೆ ಗಂಟೆ.

ಆದರೆ ವಿಮಾನ ದಾರದ ಮೇಲೆ ಹೋಗುವುದಿಲ್ಲ. ಮೇಲೆ ಹಾರುವಾಗ ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಬಿದ್ದರೆ ಪೈಲಟ್ ಕೂಡಲೇ ಹತ್ತು ಸಾವಿರ ಅಡಿಗೆ ಇಳಿಸಬೇಕು, ಜನ ಮಾಮೂಲಾಗಿ ಉಸಿರಾಡಲಿ ಅಂತ. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ. ಇಳಿಸುವುದಾದರೂ ಎಲ್ಲಿಗೆ? ಅದಕ್ಕೇ ಸಾಮಾನ್ಯವಾಗಿ ಆ ಭಾಗವನ್ನು ಬಳಸಿಕೊಂಡು ಹೋಗುತ್ತಾರೆ. ಜೊತೆಗೆ ದೇಶ ದೇಶಗಳ ಜಗಳವೂ ಇದೆ. 2022ರಿಂದ ರಷ್ಯಾದ ಆಕಾಶ ಅಮೆರಿಕ, ಯುರೋಪಿನ ವಿಮಾನಗಳಿಗೆ ಮುಚ್ಚಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಆಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳಿಗೆ ದೊಡ್ಡ ಸುತ್ತು ಬಿತ್ತು. ಬೆಂಗಳೂರಿನಿಂದ ಹೊರಡುವವರಿಗೆ ಅರಬ್ಬೀ ಸಮುದ್ರದ ಮೇಲಿನ ದಾರಿ ಇರುವುದರಿಂದ ಅಷ್ಟು ಪೆಟ್ಟು ಬೀಳಲಿಲ್ಲ.

ಇನ್ನೊಂದು, ಗಾಳಿ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಟೋಕಿಯೋದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಲು ಒಂಬತ್ತು, ಒಂಬತ್ತೂವರೆ ಗಂಟೆ ಸಾಕು. ಅದೇ ದಾರಿಯಲ್ಲಿ ವಾಪಸ್ ಬರಲು ಸುಮಾರು ಹನ್ನೊಂದು ಬೇಕು. ದೂರ ಒಂದೇ, ಹೊತ್ತು ಬೇರೆ. ಈ ಮಾತು ಆಮೇಲೆ ಉಪಯೋಗಕ್ಕೆ ಬರುತ್ತದೆ.

ಟಿಕೆಟ್ ಮೇಲಿನ ಸಮಯ ಓದುವುದು

ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಗಡಿಯಾರದ ಸಮಯ. ಬೆಂಗಳೂರಿನಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಸ್ಯಾನ್ ಫ್ರಾನ್ಸಿಸ್ಕೋಗೆ ಅದೇ ದಿನ ಸಂಜೆ 5:45ಕ್ಕೆ ತಲುಪುತ್ತದೆ ಅಂತ ಇದೆ ಅಂದುಕೊಳ್ಳಿ. ಮೂರೂಮುಕ್ಕಾಲು ಗಂಟೆ ಅಲ್ಲ. ಬೇಸಿಗೆಯಲ್ಲಿ ನಾವು ಅವರಿಗಿಂತ ಹನ್ನೆರಡೂವರೆ ಗಂಟೆ ಮುಂದೆ ಇದ್ದೇವೆ. ಅದನ್ನು ಸೇರಿಸಿ. ಹದಿನಾರೂಕಾಲು ಗಂಟೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಹದಿಮೂರೂವರೆ ಸೇರಿಸಬೇಕು.

ತಾರೀಖಿನ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಬೆಂಗಳೂರಿನಿಂದ ಎಷ್ಟೋ ವಿಮಾನಗಳು ಹೊರಡುವುದು ಮಧ್ಯರಾತ್ರಿ ದಾಟಿದ ಮೇಲೆ. ಟಿಕೆಟ್ 15ನೇ ತಾರೀಖು ಬೆಳಗಿನ ಜಾವ 2:50 ಅಂತ ಇದ್ದರೆ, ಮೈಸೂರಿನ ಮನೆಗೆ ಬೀಗ ಹಾಕಬೇಕಾದ್ದು 14ರ ಸಂಜೆ ಆರೂವರೆಗೆ. ನಮ್ಮ ಎದುರು ಮನೆಯವರು 15ರ ರಾತ್ರಿ ಅಂತಲೇ ತಿಳಿದು, ಹೊರಡುವ ದಿನ 14ರ ಮಧ್ಯಾಹ್ನ ಹಪ್ಪಳ ಒಣಗಿಸುತ್ತಿದ್ದರು. ಟಿಕೆಟ್ ತೋರಿಸಿ ಅಂತ ಕೇಳಿದ್ದಕ್ಕೆ ಗೊತ್ತಾಯಿತು. ಕ್ಯಾಲೆಂಡರಿನಲ್ಲಿ ಮನೆ ಬಿಡುವ ದಿನಕ್ಕೆ ಗುರುತು ಹಾಕಿ, ವಿಮಾನದ ದಿನಕ್ಕಲ್ಲ.

ಈಗ ದಾರಿಗಳು

ನೇರ ವಿಮಾನ ಎಲ್ಲರಿಗೂ ಆಸೆ ಹುಟ್ಟಿಸುತ್ತದೆ. ಏರ್ ಇಂಡಿಯಾ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ಹಾರಾಟ ಶುರು ಮಾಡಿದ್ದು 2021ರ ಜನವರಿಯಲ್ಲಿ. ಮೊದಲ ವಿಮಾನವನ್ನು ಅಲ್ಲಿಂದ ಇಲ್ಲಿಗೆ ತಂದವರು ಎಲ್ಲರೂ ಮಹಿಳಾ ಪೈಲಟ್‌ಗಳು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ, ಉತ್ತರ ಧ್ರುವದ ಮೇಲಿನಿಂದ. ಅಮ್ಮ ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದಾಳೆ. ಹೋಗಲು ಸುಮಾರು ಹದಿನಾರು ಗಂಟೆ, ಬರಲು ಹದಿನೇಳರ ಮೇಲೆ. ಮಧ್ಯೆ ಎಲ್ಲೂ ಇಳಿಯಬೇಕಿಲ್ಲ, ಗೇಟು ಹುಡುಕಬೇಕಿಲ್ಲ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರಿಗೂ ಹೆದರಿಕೆ ಇಲ್ಲ. ಈ ಒಂದು ಕಾರಣಕ್ಕೆ ಒಬ್ಬರೇ ಹೋಗುವ ಹಿರಿಯರಿಗೆ ನಾನು ಮೊದಲು ಹೇಳುವುದು ನೇರ ವಿಮಾನವನ್ನೇ. ಆದರೆ ಈ ಹಾರಾಟ ಮಧ್ಯೆ ನಿಂತು ಮತ್ತೆ ಶುರುವಾದದ್ದೂ ಉಂಟು. ನೀವು ಹೋಗುವ ತಿಂಗಳಲ್ಲಿ ಇದೆಯೋ ಇಲ್ಲವೋ ನೋಡಿಕೊಂಡು ಮುಂದುವರಿಯಿರಿ.

ನೇರ ಇಲ್ಲ ಅಂದರೆ ಜನ ಹಿಡಿಯುವುದು ದುಬೈ. ಇಲ್ಲೇ ನಾನು ಸ್ವಲ್ಪ ತಡೆದು ಹೇಳುತ್ತೇನೆ. ಬೆಂಗಳೂರು–ದುಬೈ ಸುಮಾರು 2,700 ಕಿ.ಮೀ., ನಾಲ್ಕು ಗಂಟೆ. ದುಬೈ–ಸ್ಯಾನ್ ಫ್ರಾನ್ಸಿಸ್ಕೋ 13,040 ಕಿ.ಮೀ., ಮತ್ತೆ ಹದಿನಾರು ಗಂಟೆ. ನೋಡಿ, ನೇರ ವಿಮಾನದಲ್ಲಿ ಕೂರುವಷ್ಟೇ ಹೊತ್ತು ಎರಡನೇ ವಿಮಾನದಲ್ಲಿ ಕೂರಬೇಕು. ಮೊದಲಿನ ನಾಲ್ಕು ಗಂಟೆ, ನಡುವೆ ಕಾಯುವುದು, ಎಲ್ಲ ಅದರ ಮೇಲೆ. ಸಿಂಗಾಪುರವೂ ಹಾಗೇ. 3,170 ಕಿ.ಮೀ. ಹೋಗಿ ಇಳಿದು, ಮತ್ತೆ 13,590 ಕಿ.ಮೀ. ವಿಮಾನ ಬದಲಿಸಿದ ತೊಂದರೆ ಪೂರ್ತಿ ಸಿಗುತ್ತದೆ, ಕಾಲಿಗೆ ವಿಶ್ರಾಂತಿ ಮಾತ್ರ ಸಿಗುವುದಿಲ್ಲ. ಅಪ್ಪ ದುಬೈ ದಾರಿಯಲ್ಲಿ ಹೋದ ಸಲ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಒಳಗೆ ಹೋಗಲೇ ಇಲ್ಲ. ಸಾಕ್ಸ್‌ನಲ್ಲೇ ವೀಲ್‌ಚೇರ್‌ನಲ್ಲಿ ಕೂತು ಹೊರಗೆ ಬಂದರು. ತಂಗಿ ಕಳಿಸಿದ ಆ ಫೋಟೋ ನೋಡಿ ನನಗೆ ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ವಿಮಾನದಲ್ಲಿ ಆದದ್ದು ಯಾರ ತಪ್ಪೂ ಅಲ್ಲ. ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತರೆ ಆಗುವುದೇ ಹಾಗೆ.

ಮೂರನೇ ಸಲಕ್ಕೆ ನಾನು ಬೇರೆ ಥರ ಹುಡುಕಿದೆ. ದಾರಿಯನ್ನು ಹೆಚ್ಚು ಕಡಿಮೆ ನಡುವೆ ಮುರಿಯುವ ಊರು ಯಾವುದು ಅಂತ. ಯುರೋಪ್ ಕಡೆ ಫ್ರಾಂಕ್‌ಫರ್ಟ್ ಸಿಕ್ಕಿತು. ಬೆಂಗಳೂರಿನಿಂದ 7,430 ಕಿ.ಮೀ., ಸುಮಾರು ಹತ್ತು ಗಂಟೆ. ಅಲ್ಲಿಂದ 9,150 ಕಿ.ಮೀ., ಹನ್ನೊಂದೂವರೆ ಗಂಟೆ. ಒಟ್ಟು ದೂರ 16,580. ಅಮ್ಮನ ದಾರಕ್ಕಿಂತ ಎರಡೂವರೆ ಸಾವಿರ ಕಿ.ಮೀ. ಜಾಸ್ತಿ. ಆದರೂ ಅಪ್ಪ ಫ್ರಾಂಕ್‌ಫರ್ಟ್‌ನಲ್ಲಿ ಮೂರು ಗಂಟೆ ಓಡಾಡಿ, ಮುಖ ತೊಳೆದು, ಕಾಫಿ ಕುಡಿದು ಮತ್ತೆ ಹತ್ತಿದರು. ಇಳಿದಾಗ ಚಪ್ಪಲಿ ಸರಿಯಾಗಿ ಕಾಲಿಗೆ ಹೋಯಿತು. ಲಂಡನ್ ದಾರಿಯ ಲೆಕ್ಕವೂ ಹತ್ತಿರ ಹತ್ತಿರ ಇಷ್ಟೇ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಫ್ರಾಂಕ್‌ಫರ್ಟ್ ಏರ್‌ಪೋರ್ಟ್ ಒಳಗೇ ವಿಮಾನ ಬದಲಿಸಲು ಬೇರೆ ವೀಸಾ ಬೇಡ. ಆದರೆ ಯುರೋಪಿನಲ್ಲೇ ಎರಡು ಕಡೆ ಇಳಿಸುವ ಟಿಕೆಟ್, ಉದಾಹರಣೆಗೆ ಮೊದಲು ಮ್ಯೂನಿಕ್, ಆಮೇಲೆ ಫ್ರಾಂಕ್‌ಫರ್ಟ್, ಅಗ್ಗಕ್ಕೆ ಸಿಕ್ಕಿದರೂ ಮುಟ್ಟಬೇಡಿ. ಅದಕ್ಕೆ ಷೆಂಗನ್ ವೀಸಾ, ಅಂದರೆ ಯುರೋಪಿನ ಒಳಗೆ ಕಾಲಿಡುವ ವೀಸಾ, ಬೇಕಾಗುತ್ತದೆ.

ಪೂರ್ವದ ಕಡೆ ಟೋಕಿಯೋ, ಹಾಂಗ್‌ಕಾಂಗ್. ದೂರದ ಲೆಕ್ಕದಲ್ಲಿ ಟೋಕಿಯೋಗೆ ಸಾಟಿ ಇಲ್ಲ. 6,700 ಮತ್ತು 8,220, ಒಟ್ಟು 14,920 ಕಿ.ಮೀ. ನೇರ ದಾರಿಗಿಂತ ಬರೀ 930 ಕಿ.ಮೀ. ಜಾಸ್ತಿ. ಎಂಟು ಗಂಟೆ, ಒಂಬತ್ತು ಗಂಟೆ. ಸರಿಯಾಗಿ ನಡುವೆ ಮುರಿದ ರೊಟ್ಟಿಯ ಹಾಗೆ. ತೊಂದರೆ ಇರುವುದು ಕಾಯುವುದರಲ್ಲಿ. ಬೆಳಿಗ್ಗೆ ಇಳಿಸಿ ಸಂಜೆ ಹತ್ತಿಸುವ ಟಿಕೆಟ್ ಸಿಕ್ಕಿದರೆ ಎಂಟು ಹತ್ತು ಗಂಟೆ ಕುರ್ಚಿಯಲ್ಲೇ ಕೂರಬೇಕು. ಟೋಕಿಯೋದಲ್ಲಿ ನರಿಟಾ, ಹನೇಡಾ ಅಂತ ಎರಡು ಏರ್‌ಪೋರ್ಟ್ ಇವೆ ಅನ್ನುವುದನ್ನೂ ಮರೆಯಬೇಡಿ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಟಿಕೆಟ್ ಆದರೆ ಊರನ್ನೇ ದಾಟಬೇಕು, ಜಪಾನ್ ವೀಸಾ ಬೇಕು.

ನಾಲ್ಕನೇ ಸಲ ಹಾಂಗ್‌ಕಾಂಗ್ ದಾರಿ ಹಿಡಿಸಿದೆ. ಮೊದಲು 3,950 ಕಿ.ಮೀ., ಐದೂವರೆ ಆರು ಗಂಟೆ. ಆಮೇಲೆ 11,110 ಕಿ.ಮೀ., ಹನ್ನೆರಡೂವರೆ ಗಂಟೆ. ಟೋಕಿಯೋದಷ್ಟು ಸಮ ಇಲ್ಲ, ಆದರೆ ದೊಡ್ಡ ಹಾರಾಟ ದುಬೈ ದಾರಿಯದಕ್ಕಿಂತ ಮೂರೂವರೆ ಗಂಟೆ ಕಡಿಮೆ. ಮೊದಲ ತುಂಡು ಚಿಕ್ಕದಿದ್ದದ್ದು ಅಮ್ಮನಿಗೆ ಹಿಡಿಸಿತು. "ಮೊದಲು ಅಭ್ಯಾಸಕ್ಕೆ ಸ್ವಲ್ಪ, ಆಮೇಲೆ ನಿದ್ದೆಗೆ ದೊಡ್ಡದು," ಅಂದಳು. ಅಪ್ಪ ಅಮ್ಮ ಇಬ್ಬರೂ ಜೊತೆಗಿದ್ದು, ಒಬ್ಬರಿಗಾದರೂ ಬೋರ್ಡ್ ಓದಲು ಬರುತ್ತದೆ ಅಂದರೆ ನಾನು ಈಗ ಹೇಳುವುದು ಹಾಂಗ್‌ಕಾಂಗ್ ಅಥವಾ ಫ್ರಾಂಕ್‌ಫರ್ಟ್.

ಮಕ್ಕಳು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಚಿಕಾಗೋ, ನ್ಯೂಯಾರ್ಕ್ ಕಡೆ ಇದ್ದರೆ ಲೆಕ್ಕ ಬೇರೆ. ಆಗ ಅಬುಧಾಬಿ ನೋಡಿ. ಅಮೆರಿಕದ ಇಮಿಗ್ರೇಷನ್ ಅಲ್ಲೇ, ವಿಮಾನ ಹತ್ತುವ ಮೊದಲೇ ಮುಗಿಯುತ್ತದೆ. ಅಮೆರಿಕದಲ್ಲಿ ಇಳಿದ ಮೇಲೆ ಬ್ಯಾಗ್ ತೆಗೆದುಕೊಂಡು ನೇರ ಹೊರಗೆ.

ಮನೆ ಬಾಗಿಲಿನಿಂದ ಲೆಕ್ಕ ಹಾಕಿ

ವಿಮಾನದ ಹೊತ್ತು ಬೆಂಗಳೂರಿನವರಿಗೆ ಸರಿ. ನಮಗೆ ಅದಕ್ಕೂ ಮೊದಲು 185 ಕಿ.ಮೀ. ಇದೆ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಮೈಸೂರಿನಿಂದ ಕೆಂಗೇರಿ ತಲುಪುವುದು ಕಷ್ಟ ಅಲ್ಲ. ಕೆಂಗೇರಿಯಿಂದ ದೇವನಹಳ್ಳಿವರೆಗಿನ ದಾರಿಯೇ ಹೊತ್ತು ತಿನ್ನುವುದು. ಒಟ್ಟು ಐದು ಗಂಟೆ ಇಟ್ಟುಕೊಳ್ಳಿ. ಮಂಡ್ಯದವರಿಗೆ 45 ಕಿ.ಮೀ. ಕಡಿಮೆ, ಆದರೆ ಕಡಿಮೆಯಾಗುವುದು ಚೆನ್ನಾಗಿರುವ ರಸ್ತೆ. ಅರ್ಧ ಮುಕ್ಕಾಲು ಗಂಟೆ ಕಡಿಮೆ ಮಾಡಿಕೊಂಡರೆ ಸಾಕು. ಕೆಎಸ್ಸಾರ್ಟಿಸಿಯ ಫ್ಲೈಬಸ್ ನನಗೆ ಇಷ್ಟ. ಸೂಟ್‌ಕೇಸ್ ಕೆಳಗಿಟ್ಟು ಒಮ್ಮೆ ಕೂತರೆ ಏರ್‌ಪೋರ್ಟ್‌ನಲ್ಲೇ ಇಳಿಯಬಹುದು. ಕಾರಿನಲ್ಲಿ ಹೋಗುವುದಾದರೆ ಮದ್ದೂರು ವಡೆಗೆ ಅಂತ ಬೈಪಾಸ್ ಬಿಟ್ಟು ಊರೊಳಗೆ ಹೋಗುವುದು ಬೇಡ. ವಾಪಸ್ ಬರುವಾಗ ತಿನ್ನಬಹುದು. ಡ್ರೈವರ್‌ಗೆ ಟರ್ಮಿನಲ್ 2 ಅಂತ ಮೊದಲೇ ಹೇಳಿ. 2023ರ ಸೆಪ್ಟೆಂಬರ್‌ನಿಂದ ವಿದೇಶಿ ಹಾರಾಟಗಳು ಅಲ್ಲಿಂದಲೇ.

ಮಂಡಕಳ್ಳಿಯಲ್ಲೇ ಏರ್‌ಪೋರ್ಟ್ ಇರುವಾಗ ಬೆಂಗಳೂರಿಗೆ ಯಾಕೆ ಅಂತ ಕೆಲವರು ಕೇಳುತ್ತಾರೆ. ರನ್‌ವೇ 1,740 ಮೀಟರ್ ಅಷ್ಟೇ. ಇಳಿಯುವುದು ಎಟಿಆರ್‌ನಂಥ ಚಿಕ್ಕ ವಿಮಾನಗಳು. ಹೈದರಾಬಾದಿಗೆ ಹಾರಿ ಅಲ್ಲಿಂದ ಹೊರಡಬಹುದು, ಆದರೆ ಎರಡು ಬೇರೆ ಟಿಕೆಟ್ ಆದರೆ ದೇಶದೊಳಗಿನ ವಿಮಾನದಲ್ಲಿ 15 ಕೆ.ಜಿ. ಲಗೇಜ್ ಮಿತಿ ಬರುತ್ತದೆ. ತಲಾ 23 ಕೆ.ಜಿ.ಯ ಎರಡು ಸೂಟ್‌ಕೇಸ್ ತುಂಬಿಕೊಂಡು ಹೊರಟವರಿಗೆ ಅದು ಆಗದ ಮಾತು.

ಈಗ ಕೂಡಿಸಿ. ಮೈಸೂರಿನಿಂದ ಐದು ಗಂಟೆ, ಏರ್‌ಪೋರ್ಟ್‌ನಲ್ಲಿ ಮೂರೂವರೆ, ಆ ಕಡೆ ಇಳಿದು ಇಮಿಗ್ರೇಷನ್ ಮುಗಿಸಲು ಎರಡು, ಸನ್ನಿವೇಲ್ ಮನೆಗೆ ಮುಕ್ಕಾಲರಿಂದ ಒಂದು. ನೆಲದ ಮೇಲೇ ಹನ್ನೊಂದೂವರೆ ಗಂಟೆ ಆಯಿತು. ಅದಕ್ಕೆ ಹಾರಾಟ ಸೇರಿಸಿದರೆ ನೇರ ವಿಮಾನದಲ್ಲಿ 28 ಗಂಟೆ. ಮಧ್ಯೆ ಮೂರು ಗಂಟೆ ಕಾದರೆ ಹಾಂಗ್‌ಕಾಂಗ್ ದಾರಿ 33, ದುಬೈ 35, ಫ್ರಾಂಕ್‌ಫರ್ಟ್ 36. ಇಂಟರ್ನೆಟ್‌ನಲ್ಲಿ ದೊಡ್ಡದಾಗಿ ಕಾಣುವ ವ್ಯತ್ಯಾಸ ಮನೆಯಿಂದ ಮನೆಗೆ ನೋಡಿದಾಗ ಇಷ್ಟೇ.

ಮಧ್ಯೆ ಕಾಯುವುದು ಎಷ್ಟಿರಬೇಕು?

ಹಿರಿಯರಿಗೆ ಎರಡೂವರೆಯಿಂದ ನಾಲ್ಕು ಗಂಟೆ. ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ನಮ್ಮ ದೊಡ್ಡಪ್ಪ ದೊಡ್ಡಮ್ಮನಿಗೆ ಒಮ್ಮೆ ನಾನೇ ಒಂದು ಗಂಟೆ ಇಪ್ಪತ್ತು ನಿಮಿಷದ ಟಿಕೆಟ್ ತೆಗೆದಿದ್ದೆ. ಒಟ್ಟು ಹೊತ್ತು ಕಡಿಮೆ ಅಂತ. ಮೊದಲ ವಿಮಾನ ನಲವತ್ತು ನಿಮಿಷ ತಡವಾಯಿತು. ವೀಲ್‌ಚೇರ್ ಬರುವುದು ಇನ್ನೂ ತಡವಾಯಿತು. ಇವರು ಗೇಟ್ ಮುಟ್ಟಿದಾಗ ಬಾಗಿಲು ಹಾಕಿ ಆಗಿತ್ತು. ಮುಂದಿನ ವಿಮಾನ ಹನ್ನೊಂದು ಗಂಟೆ ಬಿಟ್ಟು. ದೊಡ್ಡಮ್ಮ ಕೈಚೀಲದಲ್ಲಿದ್ದ ಚಪಾತಿ, ಚಟ್ನಿಪುಡಿಯಲ್ಲೇ ದಿನ ಕಳೆದರು. ಒಂದೇ ಟಿಕೆಟ್ ಆದ್ದರಿಂದ ಮುಂದಿನ ವಿಮಾನಕ್ಕೆ ಹತ್ತಿಸಿದ್ದಾದರೂ ಆಯಿತು. ಬೇರೆ ಬೇರೆ ಟಿಕೆಟ್ ಆಗಿದ್ದರೆ ಹೊಸದಾಗಿ ದುಡ್ಡು ಕೊಡಬೇಕಿತ್ತು. ಹಾಗಾಗಿ ಎಷ್ಟೇ ಅಗ್ಗ ಇರಲಿ, ಎರಡು ತುಂಡೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ.

ಅಮೆರಿಕದ ಒಳಗೆ ವಿಮಾನ ಬದಲಿಸುವ ಟಿಕೆಟ್ ಹಿರಿಯರಿಗೆ ಬೇಡವೇ ಬೇಡ. ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಆಗಬೇಕು. ಸಾಮಾನ್ಯವಾಗಿ ಸೂಟ್‌ಕೇಸ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಹಾಕಿ, ಮತ್ತೆ ಸೆಕ್ಯುರಿಟಿಗೆ ನಿಲ್ಲಬೇಕು. ಗಲ್ಫ್ ದಾರಿಯಲ್ಲಿ ಇನ್ನೊಂದು ಯೋಚನೆ ಇದೆ. 2025ರ ಜೂನ್‌ನಲ್ಲಿ ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿದಾಗ ಎಷ್ಟೋ ಜನ ದಾರಿ ಮಧ್ಯೆ ಸಿಕ್ಕಿಬಿದ್ದರು. ಆ ಕಡೆ ಗಲಾಟೆಯ ಸುದ್ದಿ ಇರುವ ದಿನಗಳಲ್ಲಿ ಬೇರೆ ದಾರಿ ನೋಡುವುದು ಒಳ್ಳೆಯದು.

ಯಾವ ದಾರಿಯೇ ಆಗಲಿ, ವೀಲ್‌ಚೇರ್ ಬೇಕು ಅಂತ 48 ಗಂಟೆ ಮೊದಲೇ ಹೇಳಿಬಿಡಿ. ನಡೆಯಲು ಬರುವವರೂ ನಾಚಿಕೊಳ್ಳಬೇಡಿ. ದೊಡ್ಡ ಏರ್‌ಪೋರ್ಟ್‌ನಲ್ಲಿ ಕಿಲೋಮೀಟರುಗಟ್ಟಲೆ ನಡೆಯಬೇಕು. ಊಟಕ್ಕೆ ಏಷ್ಯನ್ ವೆಜಿಟೇರಿಯನ್ ಅಂತ ಕನಿಷ್ಠ ಒಂದು ದಿನ ಮೊದಲು ಬುಕ್ ಮಾಡಿ. ಸಾರಿನ ಪುಡಿ, ಹುಳಿಪುಡಿ ದೊಡ್ಡ ಸೂಟ್‌ಕೇಸಿಗೆ ಹಾಕಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದ ಪುಡಿ 350 ಮಿ.ಲೀ. ಅಳತೆ ದಾಟಿದರೆ ಬಿಚ್ಚಿಸಿ ನೋಡುತ್ತಾರೆ, ಹೊತ್ತು ಹೋಗುತ್ತದೆ. ರಸಬಾಳೆ, ವೀಳ್ಯದೆಲೆ ಮನೆಯಲ್ಲೇ ಬಿಟ್ಟು ಹೋಗಿ.

ಬರುವ ದಾರಿ

ಹೋಗುವುದನ್ನೇ ಎಲ್ಲರೂ ಲೆಕ್ಕ ಹಾಕುತ್ತಾರೆ, ಬರುವುದನ್ನು ಮರೆಯುತ್ತಾರೆ. ಗಾಳಿಯ ಮಾತು ಇಲ್ಲಿ ಬರುತ್ತದೆ. ಹಾಂಗ್‌ಕಾಂಗ್ ದಾರಿಯಲ್ಲಿ ಹೋಗುವಾಗ ಹನ್ನೆರಡೂವರೆ ಗಂಟೆ ಇದ್ದ ಹಾರಾಟ ಬರುವಾಗ ಹದಿನಾಲ್ಕೂವರೆ ದಾಟುತ್ತದೆ. ಫ್ರಾಂಕ್‌ಫರ್ಟ್ ದಾರಿ ಇದಕ್ಕೆ ತಿರುಗಾಮುರುಗಾ. ಬರುವಾಗ ಗಾಳಿ ಬೆನ್ನ ಹಿಂದೆ. ಸ್ಯಾನ್ ಫ್ರಾನ್ಸಿಸ್ಕೋ–ಫ್ರಾಂಕ್‌ಫರ್ಟ್ ಹನ್ನೊಂದು ಗಂಟೆಯ ಒಳಗೆ, ಅಲ್ಲಿಂದ ಬೆಂಗಳೂರಿಗೆ ಒಂಬತ್ತರ ಒಳಗೆ. ಮಕ್ಕಳ ಜೊತೆ ಹೋಗಿ ಒಬ್ಬರೇ ವಾಪಸ್ ಬರುವವರು, ಅಲ್ಲೇ ಆಪರೇಷನ್ ಆಗಿ ಬರುವವರು, ಇವರಿಗೆಲ್ಲ ಬರುವ ದಾರಿಯನ್ನು ಮೊದಲು ನೋಡಿ ಟಿಕೆಟ್ ತೆಗೆಯಿರಿ.

ಬೆಂಗಳೂರಿನಲ್ಲಿ ಇಳಿಯುವ ಹೊತ್ತೂ ಮುಖ್ಯ. ಮಧ್ಯರಾತ್ರಿ ಒಂದು ಗಂಟೆಗೆ ಇಳಿದರೆ ಸೂಟ್‌ಕೇಸ್ ಸಿಗುವಾಗ ಎರಡೂವರೆ. ಆ ಹೊತ್ತಿಗೆ ಕಾರು ಹತ್ತಿ ಹೊರಟರೆ ಡ್ರೈವರ್‌ಗೆ ನಿದ್ದೆ ಎಳೆಯುವ ಸಮಯಕ್ಕೆ ಸರಿಯಾಗಿ ರಾಮನಗರ, ಚನ್ನಪಟ್ಟಣದ ಹತ್ತಿರ ಇರುತ್ತೀರಿ. ನಾನು ಆ ಹೊತ್ತಿಗೆ ಕಾರು ಕಳಿಸುವುದಿಲ್ಲ. ಅಪ್ಪ ಅಮ್ಮ ಟರ್ಮಿನಲ್ ಹೊರಗೆ ಕಾಫಿ ಕುಡಿದು ಬೆಳಕಾಗುವವರೆಗೆ ಕೂತಿದ್ದು, ಬೆಳಗಿನ ಫ್ಲೈಬಸ್ ಹತ್ತುತ್ತಾರೆ. ಮಂಡ್ಯ ದಾಟುವಾಗ ಅಮ್ಮ ಫೋನ್ ಮಾಡುತ್ತಾಳೆ, ನಾನು ಅನ್ನಕ್ಕೆ ಇಡುತ್ತೇನೆ.